ಸ್ಕ್ರೀನು ತರೋಕೆ ಹೋದ ಹಾಲೇಶಿ

ಕೂತ್ಕೊಳ್ಳಿ, ಹೇಳ್ತೀನಿ. ಮಧ್ಯೆ ನನಗೆ ಸಿಟ್ಟು ಬಂದರೆ ಮಾತ್ರ ಏನೂ ಅನ್ನಬಾರದು. ಈ ಹುಡುಗನ ಕತೆ ಹೇಳೋವಾಗ ಸಿಟ್ಟು ಬರದೆ ಇರೋಕೆ ಸಾಧ್ಯವೇ ಇಲ್ಲ.

ಬೀರೂರಲ್ಲಿ ನನ್ನ ಹೊಲಿಗೆ ಅಂಗಡಿ ಪಕ್ಕಕ್ಕೇ ಒಂದು ಫೋಟೊ ಸ್ಟುಡಿಯೊ ಇದೆ. ಮಂಗಳಕ್ಕಂದು. ಗಂಡ ತೀರಿಕೊಂಡ ಮೇಲೆ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ತಾನೇ ಮದುವೆ ಮನೆಗಳಿಗೆ ಹೋಗ್ತಾಳೆ, ತಾನೇ ಫೋಟೊ ತೆಗೀತಾಳೆ, ತಾನೇ ಕಂಪ್ಯೂಟರಲ್ಲಿ ಬಣ್ಣ ಸರಿಮಾಡಿ ಆಲ್ಬಂ ಮಾಡಿಸಿಕೊಡ್ತಾಳೆ. ಗಟ್ಟಿ ಹೆಂಗಸು. ಅವಳಿಗೊಬ್ಬನೇ ಮಗ, ಹಾಲೇಶಿ. ಆಳುದ್ದ ಬೆಳೆದಿದಾನೆ, ನೋಡೋಕೆ ಲಕ್ಷಣವಾಗಿದಾನೆ, ಕ್ರಾಪು ನೀಟಾಗಿ ಬಾಚ್ತಾನೆ. ಬುದ್ಧಿ ಕೊಡೋದನ್ನ ಮಾತ್ರ ದೇವರು ಮರೆತುಬಿಟ್ಟ.

"ಹೇಳಿದ ಮಾತು ಕೇಳದೆ ಇರೋ ಮಕ್ಕಳು ಊರ ತುಂಬ ಇದಾರೆ ಕಮಲಿ. ನನ್ನ ಮಗ ಹೇಳಿದ್ದನ್ನೆಲ್ಲ ಕೇಳ್ತಾನೆ. ಅದೇ ನನ್ನ ಕರ್ಮ," ಅಂತ ಮಂಗಳಕ್ಕ ನನ್ನ ಮೆಷಿನ್ ಪಕ್ಕ ಕೂತು ಅಳೋಳು.

ಈಗ ವಿಷಯಕ್ಕೆ ಬರ್ತೀನಿ. ಅವಳ ಹಳೇ ಕಂಪ್ಯೂಟರಿನ ಸ್ಕ್ರೀನಿಗೆ ವಯಸ್ಸಾಗಿ ಬಣ್ಣ ಕೆಟ್ಟುಹೋಗಿತ್ತು. ಅದರಲ್ಲಿ ಹಸಿರು ಅಂತ ಕಂಡದ್ದು ಆಲ್ಬಂನಲ್ಲಿ ನೀಲಿಯಾಗಿ ಬರೋದು. ಅರಿಶಿನ ಹಚ್ಚಿದ ಮದುಮಗನಿಗೆ ಕಾಮಾಲೆ ಬಂದ ಹಾಗೆ ಕಾಣೋದು. ಜನ ಬೈದರು, ಅರ್ಧಕ್ಕರ್ಧ ಗಿರಾಕಿ ಹೋದರು. ಉಳಿದದ್ದು ಕಾಯಿ ಮಂಡಿ ನಾಗಭೂಷಣಪ್ಪನವರ ಮಗಳು ಸಿಂಚನಾಳ ಮದುವೆ ಆಲ್ಬಂ. ಆ ಆಲ್ಬಂ ಶುರು ಮಾಡೋ ಹೊತ್ತಿಗೆ ಕಂಪ್ಯೂಟರೂ ಸತ್ತುಹೋಯಿತು.

ನಾಗಭೂಷಣಪ್ಪನವರ ಹೆಂಡತಿ ಜಯದೇವಮ್ಮ ಬಂದು ಸ್ಟುಡಿಯೊ ಬಾಗಿಲಲ್ಲೇ ನಿಂತು ಹೇಳಿದರು. "ಮಗಳು ಆಷಾಢಕ್ಕೆ ಅಂತ ಬಂದಿದಾಳೆ. ಶ್ರಾವಣ ಬಂದ ತಕ್ಷಣ ಬೀಗರು ಕರ್ಕೊಂಡು ಹೋಗೋಕೆ ಬರ್ತಾರೆ. ಅವತ್ತು ಅವರ ಮುಂದೆ ಆಲ್ಬಂ ಬಿಚ್ಚಬೇಕು. ಧಾರೆ ಸೀರೆ ಬಣ್ಣ ಒಂಚೂರು ಆಚೀಚೆ ಆದರೂ ನಾನು ಸುಮ್ಮನಿರೋಳಲ್ಲ. ಮಳಿಗೆ ನಮ್ಮದು ಅನ್ನೋದು ನೆನಪಿರಲಿ."

ಹೌದು, ಸ್ಟುಡಿಯೊ ಇರೋ ಮಳಿಗೆ ಅವರದೇ. ಆಲ್ಬಂ ಕೆಟ್ಟರೆ ಮಂಗಳಕ್ಕ ಗಂಡನ ಕಾಲದ ಅಂಗಡಿ ಖಾಲಿ ಮಾಡಬೇಕು. ಅವಳಿಗೋ ಮಂಡಿ ಊದಿಕೊಂಡು ಬಸ್ಸು ಹತ್ತೋಕೂ ಆಗ್ತಿರಲಿಲ್ಲ. ನಾನು ಹೋಗಿ ತರೋಣ ಅಂದರೆ ಸ್ಕೂಲು ಯೂನಿಫಾರಂ ರಾಶಿ ಬಿದ್ದಿತ್ತು. ಇನ್ಯಾರಿದಾರೆ? ಹಾಲೇಶಿಯನ್ನೇ ಶಿವಮೊಗ್ಗಕ್ಕೆ ಕಳಿಸಿದಳು.

"ಮೊದಲು ಸ್ಕ್ರೀನು ನೋಡು ಮಗ. ಇಲಿಯಾಸಣ್ಣನ ಕಂಪ್ಯೂಟರ್ ಅಂಗಡಿಗೆ ಹೋಗು. ಸಾಲಾಗಿ ಇಟ್ಟಿರ್ತಾರೆ. ಯಾವುದು ಕಣ್ಣಿಗೆ ಚೆನ್ನಾಗಿ ಕಾಣುತ್ತೋ ಅದನ್ನ ತಾ."

"ಸರಿ ಅಮ್ಮ, ಹಾಗೇ ಮಾಡ್ತೀನಿ," ಅಂದ. ಹಾಗೇ ಮಾಡಿದ.

ಅಂಗಡಿಯಲ್ಲಿ ಒಂದು ಸ್ಕ್ರೀನಲ್ಲಿ ಜಲಪಾತ ಓಡ್ತಿತ್ತಂತೆ, ಇನ್ನೊಂದರಲ್ಲಿ ಕಾರು, ಮತ್ತೊಂದರಲ್ಲಿ ಕೆಂಪು ಮೂತಿಯ ಗಿಣಿ. ಇವನ ಕಣ್ಣಿಗೆ ಗಿಣಿ ಚೆನ್ನಾಗಿ ಕಂಡಿತು. ಥಳಥಳ ಅಂತ ಮಿಂಚೋ ಆ ಸ್ಕ್ರೀನನ್ನೇ ಹೊತ್ಕೊಂಡು ಬಂದ. ಪಕ್ಕದ ಮೊಬೈಲ್ ಅಂಗಡಿಯವರು ಒಂದು ಲ್ಯಾಪ್‌ಟಾಪ್ ತಂದು ಜೋಡಿಸಿ ಹಾಕಿ ನೋಡಿದರೆ ಮದುಮಗಳ ಮುಖ ಟೊಮೆಟೊ ಆಗಿದೆ. ಇವನು ಅದನ್ನ ನೋಡ್ತಾನೇ ಇಲ್ಲ. ಡಬ್ಬದೊಳಗೆ ಕೈ ಹಾಕಿ ಹಾಕಿ ತಡಕಾಡ್ತಿದಾನೆ.

"ಏನೋ ಹುಡುಕ್ತಿದೀಯ?"

"ಗಿಣಿ ಇಲ್ಲಮ್ಮ. ಇಲಿಯಾಸಣ್ಣ ಗಿಣಿ ಇಟ್ಕೊಂಡು ಬರೀ ಸ್ಕ್ರೀನು ಕಳಿಸಿದಾನೆ. ಮೋಸ ಮಾಡಿದ."

ಮಂಗಳಕ್ಕ ಹಣೆ ಬಡ್ಕೊಂಡಳು. "ಏನು ಮಾಡ್ಲೋ ನಿನ್ನ? ಅಂಗಡಿಯವರು ತೋರಿಸೋ ಚಿತ್ರ ನೋಡಿ ಯಾರಾದರೂ ತರ್ತಾರಾ? ನಮ್ಮ ಫೋಟೊ ತಗೊಂಡು ಹೋಗಬೇಕು. ಅದನ್ನ ಹಾಕಿ ನೋಡಬೇಕು. ಸರಿಯಾಗಿ ಕೂತರೆ ತರಬೇಕು, ಇಲ್ಲಾಂದ್ರೆ ಬಿಡಬೇಕು."

"ಸರಿ ಅಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಎರಡು ದಿನ ಬಿಟ್ಟು ಮತ್ತೆ ಕಳಿಸಿದಳು. "ಈ ಸ್ಕ್ರೀನು ವಾಪಸ್ ಕೊಡು. ಈ ಸಲ ಕಂಪ್ಯೂಟರ್ ಡಬ್ಬ ತಾ. ಮೊದಲು ಅದಾಗಲಿ." ನಾನಾದರೂ ಬಾಯಿಬಿಟ್ಟು ಕೇಳಬೇಕಿತ್ತು, ಹೋಗೋವಾಗ ಗೋಡೆ ಮೇಲಿದ್ದ ಅಪ್ಪನ ಫೋಟೊ ಯಾಕೋ ಕಂಕುಳಲ್ಲಿ ಇಟ್ಕೊಂಡಿದೀಯ ಅಂತ. ಅಪ್ಪನಿಗೆ ಹೊಸ ಕಟ್ಟು ಹಾಕಿಸ್ತಾನೇನೋ ಅಂದ್ಕೊಂಡು ಸುಮ್ಮನಾದೆ.

ಇಲಿಯಾಸ್ ಒಳ್ಳೇ ಮನುಷ್ಯ. ಒಂದೊಂದೇ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು, ಇದು ನೋಡು ತಮ್ಮ, ಫೋಟೊ ಕೆಲಸಕ್ಕೆ ಇಷ್ಟು ಮೆಮರಿ ಬೇಕು, ದೊಡ್ಡ ಡಿಸ್ಕು ಬೇಕು ಅಂತ ತೋರಿಸಿದ್ದಾನೆ. ಇವನು ತಲೆ ಆಡಿಸಿ, ಕಟ್ಟು ಹಾಕಿದ ಫೋಟೊ ತಗೊಂಡು ಅದರೊಳಗೆ ತುರುಕೋಕೆ ನೋಡಿದ್ದಾನೆ. ಒಳಗೆ ಫ್ಯಾನು, ವೈರು, ತಗಡು. ಎಲ್ಲಿ ಕೂರುತ್ತೆ? ಎಲ್ಲವನ್ನೂ ಬೇಡ ಅಂದ. ಮೂಲೆಯಲ್ಲಿ ಒಂದು ದೊಡ್ಡ ಡಬ್ಬ ಇತ್ತು, ಏನೂ ತುಂಬದ ಬರೀ ಕ್ಯಾಬಿನೆಟ್ಟು. ಅದರಲ್ಲಿ ಅಪ್ಪ ಗಾಜಿನ ಸಮೇತ ಸಲೀಸಾಗಿ ಕೂತರು.

"ಅದು ಖಾಲಿ ಕಣೋ ತಮ್ಮ," ಅಂದನಂತೆ ಇಲಿಯಾಸ್.

"ಇದೇ ಸರಿಯಾಗಿ ಕೂತಿದೆ, ಇದೇ ಬೇಕು."

ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ತಂದ. ಮಂಗಳಕ್ಕ ಸ್ವಿಚ್ಚು ಹುಡುಕಿ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಪಕ್ಕದ ಮುಚ್ಚಳ ತೆಗೆದರೆ ಒಳಗೆ ಗಂಡ ಕೂತು ಅವಳನ್ನೇ ನೋಡ್ತಿದಾರೆ, ಹಣೆ ಮೇಲಿನ ವಿಭೂತಿ ಸಮೇತ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನನಗೆ ನಗೋದಾ ಅಳೋದಾ ಗೊತ್ತಾಗಲಿಲ್ಲ.

"ಏನು ಮಾಡ್ಲೋ ನಿನ್ನ? ಹೊರಗಿನ ಡಬ್ಬ ಕಟ್ಕೊಂಡು ಏನಾಗಬೇಕು? ಒಳಗೇನಿದೆ ಅನ್ನೋದು ಮುಖ್ಯ. ಇನ್ಮೇಲೆ ಯಾವುದೇ ತಂದರೂ ಬಿಚ್ಚಿ ಒಳಗೆ ನೋಡದೆ ತರಬೇಡ."

"ಸರಿ ಅಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಆ ಸಲ ಅವಳು ಹುಷಾರಾದಳು. ಕಂಪ್ಯೂಟರ್ ವಿಷಯ ಫೋನಲ್ಲಿ ಇಲಿಯಾಸ್‌ಗೇ ಹೇಳಿ, "ನೀವೇ ನೋಡಿ ಜೋಡಿಸಿ ಅಣ್ಣ. ನನ್ನ ಮಗ ಈ ಖಾಲಿ ಡಬ್ಬ ವಾಪಸ್ ತರ್ತಾನೆ. ಸ್ಕ್ರೀನು ಮಾತ್ರ ಅವನ ಕೈಲಿ ಕೊಟ್ಟು ಕಳಿಸಿ," ಅಂದಳು. ಸರಿ ಅಂದ ಆ ಪುಣ್ಯಾತ್ಮ. ಇತ್ತ ನನ್ನ ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರ್ ಬೆಳಗಿಂದ ಕಾಣ್ತಿರಲಿಲ್ಲ. ಮೆಷಿನ್ ಕೆಳಗೆ ಹುಡುಕಿದೆ, ಬಟ್ಟೆ ರಾಶಿಯಲ್ಲಿ ಹುಡುಕಿದೆ, ಪಾಪ ಗುಂಡಿ ಹಚ್ಚೋಕೆ ಬರೋ ಹುಡುಗಿಯನ್ನೂ ಬೈದೆ. ಮಧ್ಯಾಹ್ನದ ಹೊತ್ತಿಗೆ ಇಲಿಯಾಸ್ ಫೋನು ಬಂತು.

"ಅಕ್ಕಾ, ನಾನು ಟೀ ಕುಡಿದು ಬರೋಷ್ಟರಲ್ಲಿ ನಿಮ್ಮ ಮಗ ಒಂದು ಸ್ಕ್ರೀನು ಬಿಚ್ಚಿ ನೆಲದ ಮೇಲೆ ಹರಡಿದಾನೆ. ಎರಡನೇದಕ್ಕೆ ಕೈ ಹಾಕ್ತಿದ್ದ, ಹಿಡ್ಕೊಂಡಿದೀನಿ."

ಹಿಂದೆಯಿಂದ ಹಾಲೇಶಿ ಕೂಗಿ ಹೇಳ್ತಿದ್ದ. "ಅಮ್ಮಾ, ಬಿಚ್ಚಿ ನೋಡಿದೆ. ಒಳಗೆ ಬಣ್ಣವೇ ಇಲ್ಲ. ಬರೀ ಬಿಳೀ ಹಾಳೆ. ಇವರ ಹತ್ತಿರ ತಗೋಬೇಡ."

ಬಿಚ್ಚಿದ್ದು ಹಳೇ ಸ್ಕ್ರೀನು, ಹೋಗಲಿ ಬಿಡಿ ಅಂದ ಇಲಿಯಾಸ್. ಆದರೆ ಒಂದು ಮಾತು ಹೇಳಿದ. "ಕಂಪ್ಯೂಟರೂ ಸ್ಕ್ರೀನೂ ಎರಡೂ ನಾನೇ ನಮ್ಮ ಗಾಡಿಯಲ್ಲಿ ತರ್ತೀನಿ. ದಯವಿಟ್ಟು ಇವನನ್ನ ಮಾತ್ರ ಇನ್ನೊಂದು ಸಲ ಕಳಿಸಬೇಡಿ ಅಕ್ಕ."

ತಂದ. ಇದೇನು ಇಷ್ಟು ಸಪ್ಪೆಯಾಗಿದೆ ಅನ್ನಿಸ್ತು ನನಗೆ. ಮಿಂಚಿಲ್ಲ, ಥಳಕಿಲ್ಲ. "ಫೋಟೊ ಕೆಲಸಕ್ಕೆ ಅಂತಲೇ ಇರೋದು. ಅಚ್ಚಾದ ಮೇಲೆ ಹೇಗೆ ಬರುತ್ತೋ ಈಗಲೇ ಹಾಗೇ ತೋರಿಸುತ್ತೆ," ಅಂದ. ಮಂಗಳಕ್ಕ ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಮೊದಲ ಫೋಟೊ ತೆರೆದಳು. ಸಿಂಚನಾ ಹೇಗಿದಾಳೋ ಹಾಗೇ ಕಂಡಳು, ಅವಳದೇ ಗೋಧಿ ಬಣ್ಣದಲ್ಲಿ. ಮಂಗಳಕ್ಕನ ಕಣ್ಣಲ್ಲಿ ನೀರು ಬಂತು. ಅದೂ ಸಾಲದು ಅಂತ ಮಗನ್ನ ಕರೆದು ಪಾಠ ಹೇಳೋಕೆ ಕೂತಳು. ಸುಮ್ಮನಿರಬಾರದಿತ್ತಾ?

"ನೋಡು, ಸ್ಕ್ರೀನನ್ನ ಬಿಚ್ಚಿ ನೋಡೋದಲ್ಲ. ಎದುರಿಂದ ನೋಡಬೇಕು, ಪಕ್ಕದಿಂದ ನೋಡಬೇಕು, ಮೇಲಿಂದ ಕೆಳಗಿಂದ ನೋಡಬೇಕು. ಯಾವ ಕಡೆಯಿಂದ ನೋಡಿದರೂ ಬಣ್ಣ ಬದಲಾಗಬಾರದು. ಬದಲಾದರೆ ಅದು ಸರಿಯಿಲ್ಲ ಅಂತ ತಿಳ್ಕೊ. ಮುಲಾಜಿಲ್ಲದೆ ಬೇಡ ಅನ್ನು. ತಲೆಗೆ ಹೋಯ್ತಾ?"

"ಹೋಯ್ತಮ್ಮ. ಇನ್ಮೇಲೆ ಹಾಗೇ ಮಾಡ್ತೀನಿ."

ಇನ್ನು ಧಾರೆ ಸೀರೆ ಬಣ್ಣ ಹೊಂದಿಸಬೇಕಲ್ಲ. ನಿಜವಾದ ಸೀರೆಯನ್ನ ಸ್ಕ್ರೀನಿನ ಪಕ್ಕ ಇಟ್ಕೊಂಡು ನೋಡಿದರೆ ಬಣ್ಣ ತಪ್ಪೋದಿಲ್ಲ ಅಂತ ಮಂಗಳಕ್ಕ ಯೋಚನೆ ಮಾಡಿದಳು. ಜಯದೇವಮ್ಮನವರ ಮನೆ ಎರಡು ಬೀದಿ ಆಚೆ. ಸೀರೆ ಈಸ್ಕೊಂಡು ಬಾ ಅಂತ ಹಾಲೇಶಿಯನ್ನ ಕಳಿಸಿದಳು.

ಆ ಸೀರೆ ಎಂಥದ್ದು ಅಂತ ನನಗೆ ಗೊತ್ತು, ಅದರ ಬ್ಲೌಸ್ ಹೊಲಿದವಳು ನಾನೇ. ಉದ್ದದ ಎಳೆ ಹಸಿರು, ಅಡ್ಡದ ಎಳೆ ನೇರಳೆ ಇಟ್ಟು ನೇಯ್ದ ರೇಷ್ಮೆ. ಎದುರಿಂದ ನೋಡಿದರೆ ಹಸಿರು, ಮಡಿಕೆಯಲ್ಲಿ ನೋಡಿದರೆ ನೇರಳೆ. ಅದೇ ಅದರ ಚೆಂದ. ಮೂರು ಊರಿನ ಅಂಗಡಿ ಸುತ್ತಿ ತಂದಿದ್ದರು.

ಜಯದೇವಮ್ಮ ಬೀರುವಿನಿಂದ ತೆಗೆದು ಮಂಚದ ಮೇಲೆ ಹರಡಿದರು. ಇವನು ಎದುರಿಂದ ನೋಡಿದ. ಪಕ್ಕಕ್ಕೆ ಹೋಗಿ ನೋಡಿದ. ಕುರ್ಚಿ ಹತ್ತಿ ಮೇಲಿಂದ ನೋಡಿದ. ನೆಲದ ಮೇಲೆ ಉದ್ದಕ್ಕೆ ಮಲಗಿ ಕೆಳಗಿಂದ ನೋಡಿದ. ಆಮೇಲೆ ಎದ್ದು ಪ್ಯಾಂಟು ಕೊಡವಿಕೊಂಡು ಹೇಳಿದ. "ಇದು ಸರಿಯಿಲ್ಲ ಅಮ್ಮಾವ್ರೇ. ಒಂದೊಂದು ಕಡೆಯಿಂದ ಒಂದೊಂದು ಬಣ್ಣ. ನಿಮಗೆ ಯಾರೋ ಟೋಪಿ ಹಾಕಿದಾರೆ. ನಮಗೆ ಬೇಡ."

ಬೇಡ ಅಂದವನು ಸುಮ್ಮನೆ ಬಂದನಾ? ಹಿತ್ತಲಲ್ಲಿ ಒಣಗ್ತಿದ್ದ ಆ ಮನೆ ಅಜ್ಜಿಯ ಕಂದು ಹತ್ತಿ ಸೀರೆಯನ್ನ ನಾಲ್ಕೂ ಕಡೆಯಿಂದ ನೋಡಿ, ಇದು ಸರಿಯಾಗಿದೆ ಅಂತ ತಂತಿಯಿಂದ ಎಳ್ಕೊಂಡು ಬಂದ.

ಅವನ ಹಿಂದೆಯೇ ಜಯದೇವಮ್ಮನವರ ಫೋನು. "ನನ್ನ ಮಗಳ ಧಾರೆ ಸೀರೆ ಸರಿಯಿಲ್ಲ ಅನ್ನೋಕೆ ನಿಮ್ಮ ಮಗ ಯಾರ್ರೀ? ಮದುಮಗಳು ಒಳಗೆ ಕೂತು ಅಳ್ತಿದಾಳೆ. ಬೀಗರು ಶುಕ್ರವಾರ ಬರ್ತಾರೆ. ಆಲ್ಬಂ ನೋಡ್ತೀನಿ. ಒಂದು ಕೂದಲಷ್ಟು ತಪ್ಪಿದ್ದರೂ ಅವತ್ತೇ ಅಂಗಡಿ ಬೀಗದ ಕೈ ತಂದುಕೊಡಿ."

ಮಂಗಳಕ್ಕ ಫೋನು ಇಟ್ಟಳು. ಅಜ್ಜಿಯ ಸೀರೆ ಮಡಿಲಲ್ಲಿ ಇಟ್ಕೊಂಡು ಕೂತಿದ್ದಳು. ಓಡಿ ಹೋಗಿ ನನ್ನ ಚಿಂದಿ ಚೀಲವನ್ನೆಲ್ಲ ಸುರಿದು ಹುಡುಕಿದೆ. ಬ್ಲೌಸ್ ಹೊಲಿದು ಉಳಿದ ಅಂಗೈ ಅಗಲದ ತುಂಡು ಸಿಕ್ಕಿತು. ಹಸಿರೂ ಇದೆ, ನೇರಳೆಯೂ ಇದೆ. ಅದನ್ನ ಸ್ಕ್ರೀನಿನ ಅಂಚಿಗೆ ಹಿಡಿದು ಹಿಡಿದು ಅವಳು ಒಂದೊಂದೇ ಫೋಟೊ ಸರಿಮಾಡಿದಳು. ಊಟ ಬಿಟ್ಟಳು, ಮಂಡಿ ನೋವು ಮರೆತಳು. ಎಲ್ಲ ಮುಗಿಸಿ ಪೆನ್‌ಡ್ರೈವಿಗೆ ಹಾಕಿ, ದಾರಕ್ಕೆ ಕಟ್ಟಿ, ಹಾಲೇಶಿಯ ಕೊರಳಿಗೆ ತಾಯತದ ಹಾಗೆ ಹಾಕಿದಳು.

"ಶಿವಮೊಗ್ಗದ ಪ್ರೆಸ್ಸಿಗೆ ಹೋಗು. ಯಾರ ಹತ್ತಿರವೂ ಅದು ಸರಿಯಿಲ್ಲ, ಇದು ಬೇಡ ಅನ್ನಬೇಡ. ಏನೇ ಕೇಳಿದರೂ ಒಂದೇ ಮಾತು ಹೇಳು. ಸ್ಕ್ರೀನಲ್ಲಿ ಕಂಡದ್ದೇ ಆಲ್ಬಂನಲ್ಲಿ ಬರಬೇಕು. ಅಷ್ಟೇ. ಬೇರೆ ಬಾಯಿ ಬಿಟ್ಟೀಯ, ಜೋಕೆ."

"ಸರಿ ಅಮ್ಮ, ಹಾಗೇ ಮಾಡ್ತೀನಿ."

ಅವಳು ಸುಸ್ತಾಗಿ ಬೆಂಚಿನ ಮೇಲೆ ಒರಗಿದಳು, ಹಾಗೇ ನಿದ್ದೆ ಹೋದಳು. ಇವನು ಬೆಡ್‌ಶೀಟಿನಲ್ಲಿ ಏನೋ ಗಂಟು ಕಟ್ಕೊಂಡು ಹೋಗಿದ್ದನ್ನ ನಾನು ನೋಡಿದೆ. ಇಸ್ತ್ರಿ ಬಟ್ಟೆ ಇರಬೇಕು ಅಂದ್ಕೊಂಡೆ. ಅವಳು ಎದ್ದು ನೋಡಿದರೆ ಮೇಜು ಖಾಲಿ. ಕಂಪ್ಯೂಟರ್ ಇದೆ, ವೈರು ಜೋತಾಡ್ತಿದೆ, ಸ್ಕ್ರೀನು ಇಲ್ಲ.

ಬಸ್ಸಿನಲ್ಲಿ ಏನಾಯ್ತು ಅಂತ ಕಂಡಕ್ಟರ್ ಆಮೇಲೆ ಹೇಳಿದ. "ಎಲ್ಲಿಗಪ್ಪಾ?" ಅಂದರೆ, "ಸ್ಕ್ರೀನಲ್ಲಿ ಕಂಡದ್ದೇ ಆಲ್ಬಂನಲ್ಲಿ ಬರಬೇಕು." "ಆ ಗಂಟು ಕೆಳಗಿಡಪ್ಪಾ." "ಸ್ಕ್ರೀನಲ್ಲಿ ಕಂಡದ್ದೇ ಆಲ್ಬಂನಲ್ಲಿ ಬರಬೇಕು." ಪ್ರೆಸ್ಸಿನಲ್ಲೂ ಅದೇ ಹಾಡು. ಹೆಸರೇನು ಅಂದರೂ ಅದೇ, ನೀರು ಕುಡೀತೀಯಾ ಅಂದರೂ ಅದೇ. ಅವರು ಕೊರಳಿಂದ ಪೆನ್‌ಡ್ರೈವ್ ಬಿಚ್ಕೊಂಡು ಫೋಟೊ ಎಲ್ಲ ಅಚ್ಚು ಹಾಕಿದರು. ಇವನು ಬೆಡ್‌ಶೀಟು ಬಿಚ್ಚಿ, ಸ್ಕ್ರೀನನ್ನ ಎದೆಗೆ ಆನಿಸ್ಕೊಂಡು, ಅವರ ಮುಂದೆಯೇ ನಿಂತ.

ಕರೆಂಟಿಲ್ಲದ ಸ್ಕ್ರೀನು. ಕಪ್ಪಗಿದೆ. "ಇದರಲ್ಲಿ ಏನು ಕಾಣುತ್ತೋ ಮಾರಾಯ?" ಅಂದರು ಪ್ರೆಸ್ಸಿನವರು. ಇವನು ತಿರುಗಿಸಿ ನೋಡಿದ. ಅವನ ಮುಖವೇ ಕಾಣ್ತಿತ್ತು. ಜೇಬಿಂದ ಬಾಚಣಿಗೆ ತೆಗೆದು ಕ್ರಾಪು ಸರಿಮಾಡ್ಕೊಂಡು, ಸ್ವಲ್ಪ ನಕ್ಕು, ಮತ್ತೆ ಅದೇ ಮಾತು ಹೇಳಿದ.

ಪ್ರೆಸ್ಸಿನವರಿಗೆ ತಲೆ ಕೆಟ್ಟುಹೋಗಿರಬೇಕು. ಇವನು ಹೋದರೆ ಸಾಕು ಅಂತ ಸ್ಕ್ರೀನಲ್ಲಿ ಕಂಡ ಆ ಮುಖವನ್ನ ಫೋಟೊ ತೆಗೆದು, ಕೊನೇ ಪುಟಕ್ಕೆ ಪೂರ್ತಿ ಅಗಲ ಮಾಡಿ ಹಾಕಿಬಿಟ್ಟರು. ಆಲ್ಬಂ ಪೆಟ್ಟಿಗೆಗೆ ಹಾಕಿ, ಟೇಪು ಸುತ್ತಿ ಕೊಟ್ಟರು.

ಶುಕ್ರವಾರ ಅವನು ಬಂದು ಇಳಿಯೋದಕ್ಕೂ ಬೀಗರ ಕಾರು ಬರೋದಕ್ಕೂ ಸರಿಹೋಯಿತು. ಮಂಗಳಕ್ಕ ಮೊದಲು ಸ್ಕ್ರೀನನ್ನ ಮುಟ್ಟಿ ಮುಟ್ಟಿ ನೋಡಿದಳು. ಒಡೆದಿರಲಿಲ್ಲ. ಅಷ್ಟರಲ್ಲಿ ಜಯದೇವಮ್ಮನವರ ಫೋನು ಎರಡು ಸಲ ಬಂತು. ಪೆಟ್ಟಿಗೆ ಬಿಚ್ಚಿ ನೋಡೋಕೆ ಪುರುಸೊತ್ತೆಲ್ಲಿ? ಅವಳು ಕುಂಟ್ಕೊಂಡು, ನಾನು ಅವಳ ತೋಳು ಹಿಡ್ಕೊಂಡು, ಹಾಲೇಶಿ ಪೆಟ್ಟಿಗೆ ಹೊತ್ಕೊಂಡು ಹೋದೆವು. ಅಂಗಡಿ ಬೀಗದ ಕೈ ಮಂಗಳಕ್ಕನ ಸೆರಗಿನ ಗಂಟಲ್ಲೇ ಇತ್ತು.

ನಡುಮನೆಯಲ್ಲಿ ಸಿಂಚನಾಳ ಅತ್ತೆ ಆಲ್ಬಂ ತೊಡೆ ಮೇಲೆ ಇಟ್ಕೊಂಡರು. ಒಂದೊಂದೇ ಪುಟ ತಿರುವಿದರು. ಮನೆ ತುಂಬ ಜನ. ಧಾರೆ ಪುಟ ಬಂತು. ಆಯಮ್ಮ ಬಗ್ಗಿ ನೋಡಿದರು, ಮತ್ತೆ ಬಗ್ಗಿ ನೋಡಿದರು. "ಇಲ್ಲಿ ನೋಡಿ, ಸೆರಗು ಹಸಿರು, ಮಡಿಕೆ ನೇರಳೆ. ಅವತ್ತು ಹೇಗಿತ್ತೋ ಹಾಗೇ ಬಂದಿದೆ. ನಮ್ಮ ದೊಡ್ಡ ಸೊಸೆದು ಎಲ್ಲ ಬೂದಿ ಬಣ್ಣ ಆಗಿತ್ತು. ನಿಮ್ಮ ಊರಲ್ಲಿ ಇಷ್ಟು ಒಳ್ಳೇ ಫೋಟೊದವರು ಇದಾರಾ?" ಜಯದೇವಮ್ಮನವರ ಮುಖ ಅರಳಿತು. ಸಿಂಚನಾ ಬಾಗಿಲ ಸಂದಿಯಿಂದ ನೋಡಿ ನಕ್ಕಳು. ಮಂಗಳಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಅಲ್ಲಿಗೆ ಮುಚ್ಚಬಾರದಿತ್ತಾ ಆಯಮ್ಮ? ಕೊನೇ ಪುಟ ತಿರುವಿದರು.

ಕಪ್ಪು ಹಿನ್ನೆಲೆಯಲ್ಲಿ, ಪುಟದ ತುಂಬ, ಬಾಚಣಿಗೆ ಕೈಲಿ ಹಿಡ್ಕೊಂಡು, ಹಾಲೇಶಿ ನಗ್ತಿದಾನೆ.

ಮಂಗಳಕ್ಕ ಆಗಲೇ ಸೆರಗಿನ ಗಂಟು ಬಿಚ್ಚೋಕೆ ಶುರು ಮಾಡಿದ್ದಳು.

"ಇವರು ಯಾರು?" ಅಂದರು ಸಿಂಚನಾಳ ಅತ್ತೆ. "ಮದುವೆಯಲ್ಲಿ ನೋಡಿದ ನೆನಪಿಲ್ಲ. ನಿಮ್ಮ ಕಡೆಯವರಾ?"

ಜಯದೇವಮ್ಮ ಪುಟ ನೋಡಿದರು. ಆಯಮ್ಮನ ಬೆನ್ನ ಹಿಂದೆ ಬಾಗಿಲ ಹತ್ತಿರ ನಿಂತು ಚಿರೋಟಿ ತಿಂತಿದ್ದ ಹಾಲೇಶಿಯನ್ನ ನೋಡಿದರು. ಮಂಗಳಕ್ಕನ್ನ ನೋಡಿದರು. ಮಗಳ ಆಲ್ಬಂನಲ್ಲಿ ಸಂಬಂಧವೇ ಇಲ್ಲದವನ ಮುಖ ಇದೆ ಅಂತ ಬೀಗರ ಮುಂದೆ ಹೇಗೆ ಹೇಳ್ತಾರೆ? ಗಂಟಲು ಸರಿಮಾಡ್ಕೊಂಡರು.

"ಹೂಂ. ನಮ್ಮ ಕಡೆಯವನೇ."

"ಬಹಳ ಹತ್ತಿರದವರಿರಬೇಕು. ಪೂರ್ತಿ ಪುಟ ಕೊಟ್ಟಿದೀರ."

"ಹೂಂ. ಹತ್ತಿರದವನೇ," ಅಂದರು, ಹಲ್ಲು ಕಚ್ಚಿಕೊಂಡು.

ಹೊರಡೋವಾಗ ಜಗಲಿಗೆ ಬಂದು ಮಂಗಳಕ್ಕನ ಕಿವಿಯಲ್ಲಿ ಹೇಳಿದರು. "ಬೀಗದ ಕೈ ಕಟ್ಕೊಳ್ಳಿ, ಅಂಗಡಿ ನಡೆಸಿ. ಮುಂದಿನ ವಾರ ನನ್ನ ತಂಗಿ ಮಗನ ಮದುವೆ, ನೀವೇ ಬನ್ನಿ. ಆದರೆ ಅವನ ಮುಖ ಇನ್ನೊಂದು ಸಲ ಯಾವ ಫೋಟೊದಲ್ಲಾದರೂ ಕಂಡರೆ ನಾನು ಮನುಷ್ಯಳಾಗಿರೋದಿಲ್ಲ."

ಅಂಗಡಿ ಉಳಿಯಿತು. ಮಂಗಳಕ್ಕ ನನ್ನ ಅಂಗಡಿಗೆ ಬಂದು ನೀರು ಕುಡಿದು ಉಸಿರು ಬಿಡ್ತಿದ್ದಳು. ನೋಡಿದರೆ ಹಾಲೇಶಿ ಬಾಗಿಲಲ್ಲಿ ನಿಂತಿದಾನೆ, ಕಂಕುಳಲ್ಲಿ ದಿಂಬು, ಕೈಲಿ ಬಟ್ಟೆ ಗಂಟು.

"ಎಲ್ಲಿಗೋ?"

"ಜಯದೇವಮ್ಮನವರ ಮನೆಗೆ. ನಾನು ಅವರ ಕಡೆಯವನಂತಲ್ಲ, ಅವರೇ ಹೇಳಿದರು. ಹೋಗಿ ಬರ್ತೀನಿ ಅಮ್ಮ. ನೀನು ಹುಷಾರಾಗಿರು."

ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ಬಂತು ಅವಳಿಗೆ. ದಿಂಬು ಕಿತ್ತುಕೊಂಡು ಅದರಲ್ಲೇ ನಾಲ್ಕು ಬಾರಿಸಿದಳು. ಆಮೇಲೆ ಅದೇ ದಿಂಬು ತಬ್ಕೊಂಡು ಅತ್ತಳು. "ನೀನು ಯಾರ ಕಡೆಯವನೂ ಅಲ್ಲ ಕಣೋ, ನನ್ನ ಕಡೆಯವನು. ಕೇಳಿಸ್ತಾ? ಇನ್ಮೇಲೆ ನನ್ನ ಪಕ್ಕ ಬಿಟ್ಟು ಒಂದು ಹೆಜ್ಜೆ ಕದಲಬೇಡ."

ನಾನು ಕತ್ತರಿ ಕೆಳಗಿಟ್ಟು ಎದ್ದು ನಿಂತೆ. ಬೇಡ ಮಂಗಳಕ್ಕ, ಹಾಗೆ ಹೇಳಬೇಡ ಅನ್ನೋಷ್ಟರಲ್ಲಿ ಅವನು ಹೇಳಿಯಾಗಿತ್ತು.

"ಸರಿ ಅಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಜಯದೇವಮ್ಮನವರ ತಂಗಿ ಮಗನ ಮದುವೆ ಆಯ್ತು. ಮಂಗಳಕ್ಕ ಈಗ ಪಕ್ಕದ ಸ್ಟುಡಿಯೊದಲ್ಲಿ ಕೂತು ಆ ಫೋಟೊಗಳನ್ನೇ ಸರಿಮಾಡ್ತಿದಾಳೆ. ಅವನ ಮುಖ ಒಂದರಲ್ಲೂ ಇಲ್ಲ, ಅಷ್ಟು ಪುಣ್ಯ. ತಾಳಿ ಕಟ್ಟೋ ಫೋಟೊದಲ್ಲಿ, ಆರತಿಯಲ್ಲಿ, ಊಟದ ಪಂಕ್ತಿಯಲ್ಲಿ, ಎಲ್ಲದರಲ್ಲೂ ಬಲಗಡೆ, ಕ್ಯಾಮೆರಾ ಪಕ್ಕ ನಿಂತವನ ಒಂದು ಮೊಣಕೈ ಇದೆ. ಅದನ್ನ ಒಂದೊಂದೇ ಅಳಿಸ್ತಾ ಕೂತಿದಾಳೆ, ಅವನು ಅವಳ ಪಕ್ಕದಲ್ಲೇ ನಿಂತಿದಾನೆ. ಸ್ಕ್ರೀನು ಮಾತ್ರ ಒಳ್ಳೇದು ಕಣ್ರೀ. ಯಾವ ಕಡೆಯಿಂದ ನೋಡಿದರೂ ಮೊಣಕೈ ಸ್ಪಷ್ಟವಾಗಿ ಕಾಣುತ್ತೆ.